ಎಣಗಾಯಿಗೆ ವೈದ್ಯರ ಚೀಟಿ

ಸೇಡಂ ಪಟ್ಟಣದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ವೈದ್ಯರ ಚೀಟಿ ಇಲ್ಲದೆ ಯಾರಿಗೂ ಎಣಗಾಯಿ ಬಡಿಸುವಂತಿಲ್ಲ. ಇದು ನಿಯಮ. ಊರಿನವರು ಇದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದಾರೆ, ಯಾರದೂ ತಕರಾರಿಲ್ಲ. ಕಲಬುರಗಿ ಕಡೆಯಿಂದಲೋ ಹೈದರಾಬಾದ್ ಕಡೆಯಿಂದಲೋ ಬಸ್ಸಿಳಿದು ಹಸಿದು ಬರುವ ಪರವೂರಿನವರು ಮಾತ್ರ ಖಾನಾವಳಿಯ ಬಾಗಿಲಲ್ಲಿ ಸ್ಟೆತಾಸ್ಕೋಪ್ ಕಂಡು ಗಾಬರಿಯಾಗುತ್ತಾರೆ. ಅಂಥವರ ಮಾಹಿತಿಗಾಗಿ ಈ ನಿಯಮ ಹೇಗೆ ಜಾರಿಗೆ ಬಂತೆಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ನಾನು ಸಂಬಂಧಪಟ್ಟ ಕಚೇರಿಯ ಗುಮಾಸ್ತ. ಮಧ್ಯಾಹ್ನದ ಹೊತ್ತು ಸಂಬಂಧಪಟ್ಟ ರೋಗಿ. ಹೀಗಾಗಿ ನನ್ನ ಮಾತನ್ನು ಎರಡೂ ಕಡೆಯಿಂದ ನಂಬಬಹುದು.

ಇದರ ಮೂಲ ಪದ್ಮಜಾ ಮೇಡಂ. ಅವರು ಇಲ್ಲಿಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾರೆ. ರಜೆ ಬಂದರೆ ಬೇರೆಯವರು ತವರಿಗೆ ಹೋಗುತ್ತಾರೆ, ಇವರು ಚಿಂಚೋಳಿಯ ಕಾಡಿಗೆ ಹೋಗುತ್ತಿದ್ದರು. ಅಲ್ಲಿ ಬಂಡೆಗಳಿಗೂ ಮರದ ತೊಗಟೆಗೂ ಅಂಟಿಕೊಂಡ ಬೂದುಬಣ್ಣದ ಹಕ್ಕಳೆಗಳನ್ನು ಭೂತಗನ್ನಡಿ ಹಿಡಿದು ನೋಡುತ್ತ ಕೂರುತ್ತಿದ್ದರು. ಅದೇ ಕಲ್ಲುಹೂ. ಕಿರಾಣಿ ಅಂಗಡಿಯ ಶೌಕತ ಅಲಿಯವರ ಬಾಯಲ್ಲಿ ಅದು ಪತ್ಥರ್ ಫೂಲ್. ಅದನ್ನು ಎಣ್ಣೆಯಲ್ಲಿ ಹುರಿದು, ಒಣಮೆಣಸಿನಕಾಯಿ, ಕೊಬ್ಬರಿ, ಲವಂಗದ ಜೊತೆ ಕುಟ್ಟಿ ಮಸಾಲಿ ಖಾರ ಮಾಡಿಡುವುದು ನಮ್ಮ ಕಡೆ ಪ್ರತಿ ಮನೆಯ ಬೇಸಿಗೆಯ ಕೆಲಸ. ಎಣಗಾಯಿಗೆ ಬದನೆಕಾಯಿ ಸೀಳಿ ತುಂಬುವುದು ಇದೇ ಖಾರವನ್ನು.

ಮೇಡಂ ಒಂದು ವಿಚಾರಗೋಷ್ಠಿಯಲ್ಲಿ 'ಕಲ್ಲುಹೂವಿನ ಔಷಧೀಯ ಸಾಧ್ಯತೆಗಳು' ಎಂಬ ಪ್ರಬಂಧ ಓದಿದರು. ಕೆಲವು ಜಾತಿಯ ಕಲ್ಲುಹೂಗಳ ಸಾರ ಗಾಜಿನ ತಟ್ಟೆಯಲ್ಲಿ ಕೆಲವು ರೋಗಾಣುಗಳನ್ನು ತಡೆದಿದೆ, ಹಿಂದಿನವರು ಕೆಮ್ಮಿಗೂ ಗಾಯಕ್ಕೂ ಬಳಸುತ್ತಿದ್ದರು, ಆದರೆ ಗಾಜಿನ ತಟ್ಟೆ ಬೇರೆ, ಮನುಷ್ಯನ ಹೊಟ್ಟೆ ಬೇರೆ, ಕೆಲವು ಜಾತಿಗಳಿಂದ ಅಪಾಯವೂ ಉಂಟು, ಇನ್ನೂ ಅಧ್ಯಯನ ಆಗಬೇಕು ಎಂದು ಅದರಲ್ಲಿತ್ತು. ಮೇಲಿನವರಿಗೆ ಶೀರ್ಷಿಕೆ ಬಹಳ ಹಿಡಿಸಿತು. ಉಳಿದ ಪುಟಗಳನ್ನು ಸಮಯಾಭಾವದಿಂದ ಓದಲಾಗಲಿಲ್ಲವಾದರೂ ಪುಟಗಳು ಇರುವುದನ್ನು ಖಚಿತಪಡಿಸಿಕೊಳ್ಳಲಾಯಿತು. ಕೂಡಲೇ ಒಂದು ಘಟಕ ಸ್ಥಾಪಿಸಬೇಕೆಂದು ತೀರ್ಮಾನವಾಯಿತು.

ಆದರೆ ಯಾವ ಇಲಾಖೆಯ ಕೆಳಗೆ? ಕಲ್ಲುಹೂ ಒಂದು ಜೀವವಲ್ಲ. ಅದು ಬೂಷ್ಟು ಮತ್ತು ಪಾಚಿ ಕೂಡಿ ನಡೆಸುವ ಸಂಸಾರ. ಬೂಷ್ಟು ಮನೆ ಕಟ್ಟುತ್ತದೆ, ಪಾಚಿ ಅಡುಗೆ ನೋಡಿಕೊಳ್ಳುತ್ತದೆ. ಬೂಷ್ಟಿನ ಇಲಾಖೆ ಒಂದು, ಪಾಚಿಯ ಇಲಾಖೆ ಇನ್ನೊಂದು. ಎರಡನ್ನೂ ಬಿಡಿಸಿ ಆಯಾ ಇಲಾಖೆಗೆ ಒಪ್ಪಿಸಬಹುದೇ ಎಂದು ಕೇಳಿದಾಗ, ಬಿಡಿಸಿದರೆ ಅದು ಕಲ್ಲುಹೂವಾಗಿ ಉಳಿಯುವುದಿಲ್ಲ ಎಂದು ಮೇಡಂ ಉತ್ತರ ಬರೆದರು. ಕೊನೆಗೆ ವರ್ಗಾವಣೆ ನಿಯಮಗಳಲ್ಲಿ ಪತಿ-ಪತ್ನಿ ಪ್ರಕರಣದ ಅವಕಾಶವನ್ನು ಬಳಸಿ ಇಬ್ಬರನ್ನೂ ಒಂದೇ ಕಡೆ ಇರಲು ಬಿಡಲಾಯಿತು. ಹೀಗೆ ಶಿಲಾಪುಷ್ಪ ಔಷಧ ಸಂರಕ್ಷಣಾ ಘಟಕವು ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಒಂದು ಬಾಡಿಗೆ ಮಹಡಿಯ ಮೇಲೆ, ರಘುವೀರ ಸಾಹೇಬರ ಮುಖ್ಯಸ್ಥಿಕೆಯಲ್ಲಿ ಆರಂಭವಾಯಿತು.

ಕಲ್ಲುಹೂ ಬೆಳೆಯಲು ಶುದ್ಧ ಗಾಳಿ ಬೇಕು. ನಮ್ಮದು ಸುಣ್ಣಗಲ್ಲಿನ ಸೀಮೆ. ವಾಡಿ, ಶಹಾಬಾದ, ಚಿತ್ತಾಪುರದ ಗಾಳಿಯನ್ನೆಲ್ಲ ಪರಿಶೀಲಿಸಿ ಸೇಡಂಗೆ ಬಂದಾಗ, ಇಡೀ ಸೀಮೆಯಲ್ಲಿ ಧೂಳಿಲ್ಲದ ಸ್ಥಳ ರಘುವೀರ ಸಾಹೇಬರ ಎ.ಸಿ. ಕೋಣೆಯೊಂದೇ ಎಂದು ತಿಳಿದುಬಂತು. ಹಾಗಾಗಿ ಚಿಂಚೋಳಿಯಿಂದ ಕಲ್ಲುಹೂ ಹತ್ತಿದ ಒಂದು ಬಂಡೆ ತಂದು ಅವರ ಕುರ್ಚಿಯ ಎದುರಿಗೆ ನಿಲ್ಲಿಸಲಾಯಿತು. ಎ.ಸಿ. ಮಂಜೂರಾದದ್ದು ಕಲ್ಲುಹೂವಿನ ಹೆಸರಿನಲ್ಲೇ. ಅದು ವರ್ಷಕ್ಕೆ ಹೆಚ್ಚೆಂದರೆ ಒಂದು ಮಿಲಿಮೀಟರ್ ಬೆಳೆಯುತ್ತದೆ ಎಂದು ಮೇಡಂ ಎಚ್ಚರಿಸಿದಾಗ ಸಾಹೇಬರು, "ನಮ್ಮ ಫೈಲೂ ಅಷ್ಟೇರಿ ಮೇಡಂ, ಹೊಂದ್ಕೊಂಡು ಹೋಗ್ತಾವ" ಎಂದರು. ಘಟಕಕ್ಕೆ ಡಾಕ್ಟರ್ ರಮೇಶಕುಮಾರ ಎಂಬ ವೈದ್ಯರನ್ನೂ ನೇಮಿಸಲಾಯಿತು. ರೋಗಿಗಳು ಯಾರೂ ಇರಲಿಲ್ಲವಾದ್ದರಿಂದ ಅವರು ಬೇಸರವಾದಾಗ ತಮ್ಮ ಎದೆಬಡಿತವನ್ನೇ ಕೇಳಿಸಿಕೊಳ್ಳುತ್ತಿದ್ದರು.

ಘಟಕವೆಂದ ಮೇಲೆ ಏನಾದರೂ ಸಂರಕ್ಷಿಸಬೇಕಲ್ಲ. ಈ ಕೆಳಗಿನ ಪ್ರಕಟಣೆ ಹೊರಬಿತ್ತು. ಟೈಪು ಮಾಡಿದವನು ನಾನೇ.

'ಶಿಲಾಪುಷ್ಪವು ಔಷಧವಾಗಿರುವುದರಿಂದ ಇನ್ನು ಮುಂದೆ ಅದನ್ನು ರುಚಿಗಾಗಿ ಸೇವಿಸತಕ್ಕದ್ದಲ್ಲ. ಆರೋಗ್ಯವಂತರು ಸೇವಿಸುವುದನ್ನು ಔಷಧದ ದುರುಪಯೋಗವೆಂದು ಪರಿಗಣಿಸಲಾಗುವುದು. ರೋಗಿಗಳಿಗೆ ವೈದ್ಯರ ಸಮ್ಮುಖದಲ್ಲಿ ಕೊಡಬಹುದು. ಕಿರಾಣಿ ವರ್ತಕರು ತಮ್ಮಲ್ಲಿರುವ ದಾಸ್ತಾನನ್ನು ಘಟಕಕ್ಕೆ ಒಪ್ಪಿಸತಕ್ಕದ್ದು. ಈಗಾಗಲೇ ಕುಟ್ಟಿಟ್ಟ ಖಾರದಿಂದ ಶಿಲಾಪುಷ್ಪವನ್ನು ಬೇರ್ಪಡಿಸಿ ತಂದುಕೊಡುವ ಗೃಹಿಣಿಯರನ್ನು ಶಾಲು ಹೊದಿಸಿ ಸನ್ಮಾನಿಸಲಾಗುವುದು.'

ಶಾಲು ಇನ್ನೂ ಕಪಾಟಿನಲ್ಲಿದೆ. ಶೌಕತ ಅಲಿಯವರು ಮಾತ್ರ ಮರುದಿನವೇ ಒಂದು ಚೀಲ ಹೊತ್ತು ಮಹಡಿ ಹತ್ತಿದರು.

"ಸಾಬ್, ನಮ್ಮ ಅಬ್ಬಾನ ಕಾಲದಿಂದ ಲವಂಗದ ಬಾಜೂಕ ಇಟ್ಟು ಮಾರ್ಕೋತ ಬಂದೀವಿ. ಇದು ದವಾ ಅಂತ ಖರೇನ ಗೊತ್ತಿದ್ದಿಲ್ರಿ. ಲವಂಗದ ಮ್ಯಾಲ ಏನರ ಕೇಸ್ ಅದೇನ್ರಿ?"

"ಲವಂಗ ಇನ್ನೂ ಪರಿಶೀಲನಾದಾಗ ಅದ" ಎಂದರು ಸಾಹೇಬರು.

ಚೀಲದಲ್ಲಿದ್ದ ಮಾಲಿನ ಗುಣಮಟ್ಟ ಪರೀಕ್ಷಿಸುವ ಸಲುವಾಗಿ ಅದರ ಸ್ವಲ್ಪ ಭಾಗ ಮೇಲಧಿಕಾರಿಗಳ ಮನೆಗಳಿಗೆ ರವಾನೆಯಾಯಿತು. ಗುಣಮಟ್ಟ ಉತ್ತಮವಾಗಿದೆ, ಮತ್ತೊಮ್ಮೆ ಪರೀಕ್ಷಿಸಬೇಕಾಗಿದೆ ಎಂದು ವರದಿ ಬಂತು.

ಇನ್ನು ಬಸ್ಸಮ್ಮನ ವಿಷಯ. ನಮ್ಮ ಮಹಡಿಯ ಎದುರಿಗೇ ಅವಳ ಖಾನಾವಳಿ. ಅತ್ತೆ ಹಚ್ಚಿದ ಒಲೆ, ಅತ್ತೆ ಕಲಿಸಿದ ಖಾರ. ಗಂಡ ತೀರಿಕೊಂಡ ಮೇಲೂ ಆ ಒಲೆ ಒಂದು ದಿನ ಆರಿದ್ದಿಲ್ಲ. ತಹಸೀಲಿಗೆ ಬಂದವರು, ಕೋರ್ಟಿಗೆ ಬಂದವರು, ರಾವೂರದ ಕಲ್ಲುಗಣಿಯ ಕೆಲಸದವರು, ಕಾಗಿಣಾ ಹೊಳೆ ದಾಟಿ ಸಂತೆಗೆ ಬಂದವರು ಎಲ್ಲರಿಗೂ ಅವಳ ರೊಟ್ಟಿ-ಎಣಗಾಯಿಯೇ ಆಧಾರ. ರಘುವೀರ ಸಾಹೇಬರ ಸಂಸಾರ ಕಲಬುರಗಿಯಲ್ಲಿ. ಅವರೂ ಉಣ್ಣುವುದು ಇಲ್ಲೇ. ಪ್ರಕಟಣೆ ಹೊರಟ ವಾರ ಅವರು ಮೊದಲ ತುತ್ತು ಬಾಯಿಗಿಟ್ಟು ಕೈ ತಡೆದರು.

"ಬಸ್ಸಮ್ಮ, ಇವತ್ತ ಎಣಗಾಯಿ ಯಾಕೋ ಸಪ್ಪ ಆಗ್ಯಾದಲ್ಲ?"

"ಸಪ್ಪ ಆಗಿಲ್ರಿ ಸಾಹೇಬ್ರ, ನಿಮ್ಮ ಆರ್ಡರ್ ಪ್ರಕಾರ ಆಗ್ಯಾದ."

"ಉಪ್ಪು?"

"ಉಪ್ಪು ಅದ, ಶೇಂಗಾ ಅದ, ಖಾರ ಅದ. ಕಲ್ಲುಹೂ ಒಂದಿಲ್ಲ. ಮದಿವಿಮನ್ಯಾಗ ಎಲ್ಲಾರೂ ಬಂದು ಮದಲಿಂಗನೇ ಬರಲಾರದಂಗ ಆಗ್ಯಾದ ನೋಡ್ರಿ."

ಸಾಹೇಬರು ತಾಟು ಮುಗಿಸಿ ಎದ್ದರು. ಉಳಿದವರು ಅಷ್ಟು ಶಿಸ್ತಿನವರಲ್ಲ. ಒಬ್ಬೊಬ್ಬರೇ ದೊಡ್ಡ ರಸ್ತೆಯ ಧಾಬಾದ ಕಡೆ ಸರಿದರು. ಎರಡು ಒಲೆ ಉರಿಯುತ್ತಿದ್ದಲ್ಲಿ ಅತ್ತೆಯದೊಂದೇ ಉರಿಯತೊಡಗಿತು. ಒಂದು ಮಧ್ಯಾಹ್ನ ನಾನು ಹೋದಾಗ ಬಸ್ಸಮ್ಮ ಖಾರದ ಖಾಲಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಮುಚ್ಚಳ ತೆಗೆದು ಮೂಸುತ್ತ ಕೂತಿದ್ದಳು. "ಇನ್ನಾ ಸ್ವಲ್ಪ ದಿನ ಹಿಂಗೇ ನಡದ್ರ ಬಾಗಲಾ ಹಾಕೋದೇರಿ. ಅತ್ತಿ ಹಚ್ಚಿದ್ದ ಒಲಿ ನಾ ಆರಿಸಿದಂಗಾಗ್ತದ" ಎಂದಳು. ನನಗೆ ಬಹಳ ಕೆಡುಕೆನಿಸಿತು. ಸರ್ಕಾರಿ ನೌಕರನಿಗೆ ಹಾಗೆ ಅನಿಸಬಾರದೆಂದು ನಿಯಮವೇನಿಲ್ಲ.

ಸಾಹೇಬರಿಗೂ ಅನಿಸಿರಬೇಕು, ಅಥವಾ ಹೊಟ್ಟೆಗೆ ಅನಿಸಿರಬೇಕು. ಅವರು ಡಾಕ್ಟರನ್ನು ಕರೆಸಿ ತಮ್ಮದೇ ಆದೇಶವನ್ನು ಹೊಸದಾಗಿ ಓದಿದರು. ಶಿಲಾಪುಷ್ಪವನ್ನು ರೋಗಿಗಳಿಗೆ ವೈದ್ಯರ ಸಮ್ಮುಖದಲ್ಲಿ ಕೊಡಬಹುದು ಎಂದು ಅದರಲ್ಲೇ ಇತ್ತು. ಡಾಕ್ಟರಿಗೆ ರೋಗಿಗಳಿಲ್ಲ, ಬಸ್ಸಮ್ಮನಿಗೆ ಕಲ್ಲುಹೂ ಇಲ್ಲ. ಹದಿನೈದು ದಿನದಲ್ಲಿ ಖಾನಾವಳಿಯ ನೆತ್ತಿಯ ಮೇಲೆ 'ಶಿಲಾಪುಷ್ಪ ಚಿಕಿತ್ಸಾ ಕೇಂದ್ರ' ಎಂಬ ಫಲಕ ಏರಿತು. ಬಸ್ಸಮ್ಮ ಮುಖ್ಯ ಔಷಧ ತಯಾರಕಿಯಾದಳು. ಬಿಳಿ ಕೋಟು ಕೊಟ್ಟರು. ಸೀರೆಯ ಮೇಲೆ ತೊಟ್ಟಳು. ಟೊಪ್ಪಿಗೆ ಕೊಟ್ಟರು, ಅದರಲ್ಲಿ ಬಿಸಿ ಹಂಚು ಹಿಡಿದು ಇಳಿಸಿದಳು. ಶೌಕತ ಅಲಿಯವರು ಅಧಿಕೃತ ಔಷಧ ಪೂರೈಕೆದಾರರಾಗಿ, ತಾವು ಒಪ್ಪಿಸಿದ್ದ ಚೀಲವನ್ನೇ, ಉಳಿದಷ್ಟನ್ನು, ಹೊತ್ತು ತಂದು ಎದುರಿಗೆ ಇಳಿಸಿದರು.

ಡಾಕ್ಟರ್ ರಮೇಶಕುಮಾರ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಅವರು ಪ್ರಾಮಾಣಿಕರು, ಸುಳ್ಳು ರೋಗ ಬರೆಯುವವರಲ್ಲ. ಮೊದಲ ದಿನ ಬಂದವರು ಬಿ.ಪಿ., ಶುಗರ್, ಸೊಂಟನೋವು ಎಂದು ಬಾಯಿಗೆ ಬಂದದ್ದು ಹೇಳಿದರು. ಡಾಕ್ಟರು ಪರೀಕ್ಷಿಸಿ ಎಲ್ಲರನ್ನೂ ಆರೋಗ್ಯವಂತರೆಂದು ವಾಪಸು ಕಳಿಸಿದರು. ಒಳಗೆ ರೊಟ್ಟಿ ಆರುತ್ತಿದ್ದವು. ಆಗ ರಾವೂರದ ಕಲ್ಲುಗಣಿಯಲ್ಲಿ ದುಡಿಯುವ ಅಣವೀರ ಬಂದ. ಅವನಿಗೆ ಸುಳ್ಳು ಹೇಳುವಷ್ಟು ತ್ರಾಣ ಉಳಿದಿರಲಿಲ್ಲ.

"ಏನಪಾ, ಏನ್ ತ್ರಾಸ?"

"ಹೊಟ್ಟಿ ಹಸದದರಿ."

ಡಾಕ್ಟರು ಪೆನ್ನು ತೆಗೆದರು. "ಎಷ್ಟ ದಿನದಿಂದ ಅದ?"

"ಹುಟ್ಟಿದಾಗಿಂದ ಅದರಿ. ಉಂಡಾಗ ಹೋಗ್ತದ, ಮತ್ತ ಬರ್ತದ."

"ಮನ್ಯಾಗ ಮತ್ಯಾರಿಗರ ಅದೇನು?"

"ಎಲ್ಲಾರಿಗೂ ಅದರಿ. ನಮ್ಮಪ್ಪಗ ಭಾಳ ಇತ್ತು."

'ದೀರ್ಘಕಾಲೀನ ಹಸಿವು, ವಂಶಪಾರಂಪರ್ಯ' ಎಂದು ಡಾಕ್ಟರು ಬರೆದು ಒಳಗೆ ಬಿಟ್ಟರು. ಅಣವೀರ ಉಂಡು ಹೊರಬಂದಾಗ ಮತ್ತೆ ಪರೀಕ್ಷಿಸಿದರು. ರೋಗ ಪೂರ್ತಿ ಹೋಗಿತ್ತು. ವಾಪಸು ಹೋಗಿದ್ದವರೆಲ್ಲ ಈ ಸುದ್ದಿ ಕೇಳಿ ಓಡಿ ಬಂದು ಸಾಲು ಹಚ್ಚಿದರು. ನಾನು ಅವನ ಹಿಂದೆಯೇ ಇದ್ದೆ.

ಹಸಿವು ಕಾಯಿಲೆಯೇ ಎಂದು ಮೇಲಿನಿಂದ ಪ್ರಶ್ನೆ ಬಂತು, ಜೊತೆಗೆ ಒಂದು ಸಮಿತಿಯೂ ಬಂತು. ಸಮಿತಿಯವರು ಸೇಡಂಗೆ ಬಂದು ತಲುಪುವ ಹೊತ್ತಿಗೆ ಊಟದ ವೇಳೆ ಮೀರಿತ್ತು. ಅವರು ಲಕ್ಷಣಗಳನ್ನು ಸ್ವತಃ ಅನುಭವಿಸಿ, ಚಿಕಿತ್ಸೆ ಪಡೆದು, ವರದಿ ಬರೆದರು: ಈ ರೋಗ ಊರಿನ ಎಲ್ಲರಲ್ಲೂ ಇದೆ, ಶಾಶ್ವತ ಪರಿಹಾರ ಈವರೆಗೆ ಕಂಡುಬಂದಿಲ್ಲ, ಚಿಕಿತ್ಸೆ ದೊರೆಯದಿದ್ದರೆ ಪ್ರಾಣಾಪಾಯವಿದೆ, ಶಿಲಾಪುಷ್ಪಯುಕ್ತ ಎಣಗಾಯಿಯಿಂದ ನೂರಕ್ಕೆ ನೂರು ಗುಣ. ಇಷ್ಟು ದಿನ ಇಂಥ ರೋಗ ಪಟ್ಟಿಯಿಂದ ಹೇಗೆ ಬಿಟ್ಟುಹೋಗಿತ್ತೆಂದು ಸಮಿತಿ ಆಶ್ಚರ್ಯ ವ್ಯಕ್ತಪಡಿಸಿತು. ಹಸಿವು ಅಧಿಕೃತ ಕಾಯಿಲೆಯಾಯಿತು.

ಕಾಯಿಲೆ ಅಧಿಕೃತವಾದ ಮೇಲೆ ಔಷಧಕ್ಕೆ ಪ್ರಮಾಣವೂ ಬಂತು. ಪ್ರತಿ ರೋಗಿಗೆ ಒಂದು ಬದನೆಕಾಯಿ, ಎರಡು ಚಮಚ ರಸ. ಒಮ್ಮೆ ಬಡಿಸಿದ ಮೇಲೆ ಮತ್ತೆ ಬಡಿಸತಕ್ಕದ್ದಲ್ಲ. ಈ ಸುತ್ತೋಲೆಯನ್ನು ಬಸ್ಸಮ್ಮನಿಗೆ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅವಳು ಸೌಟು ಕೆಳಗಿಟ್ಟಳು.

"ಮತ್ತ ಬಡಸಬಾರದಂದ್ರ?"

"ಬಡಿಸಬಾರದು ಅಂತ ಅದ, ಬಸ್ಸಮ್ಮ."

ನಮ್ಮ ಕಡೆಯ ಪದ್ಧತಿ ಗೊತ್ತಿದ್ದವರಿಗೆ ಇದರ ಗಂಭೀರತೆ ಹೇಳಬೇಕಾಗಿಲ್ಲ. ಇಲ್ಲಿ ಬೇಡುವುದು ಉಣ್ಣುವವನ ಕೆಲಸವಲ್ಲ, ಬಡಿಸುವವರ ಕೆಲಸ. ಇನ್ನೊಂದು ರೊಟ್ಟಿ, ನನ್ನ ಆಣೆ, ಅರ್ಧ ರೊಟ್ಟಿ, ನಿಮ್ಮ ಮಕ್ಕಳ ಪಾಲಿಂದು ಎಂದು ಒತ್ತಾಯಿಸುತ್ತಲೇ ಇರಬೇಕು. ಉಣ್ಣುವವನು ಸಾಕು ಸಾಕೆಂದು ತಾಟಿಗೆ ಅಂಗೈ ಅಡ್ಡ ಹಿಡಿಯಬೇಕು. ಅಲ್ಲಿಯವರೆಗೆ ಊಟ ಆಯಿತೆಂದು ಯಾರೂ ಒಪ್ಪುವುದಿಲ್ಲ.

ಆಗ ತಾಟು ಬರಿದು ಮಾಡಿಕೊಂಡು ಅಣವೀರ ಕೂತಿದ್ದ. ಅವನೇನೂ ಕೇಳಲಿಲ್ಲ, ಸುಮ್ಮನೆ ತಾಟಿನ ಅಂಚು ಒರೆಸುತ್ತಿದ್ದ. ಬಸ್ಸಮ್ಮ ಅವನನ್ನು ನೋಡಿದಳು, ನನ್ನನ್ನು ನೋಡಿದಳು, ಕೋಟು ಬಿಚ್ಚಿ ನನ್ನ ಕೈಯಲ್ಲಿಟ್ಟಳು.

"ಸಾಹೇಬ್ರಿಗಿ ಹೇಳ್ರಿ. ಕಲ್ಲುಹೂ ಇಲ್ದ ಅಡಗಿ ಮಾಡಿನಿ, ಖರೆ ಅದ. ಕೈ ಬಿಗಿ ಹಿಡದು ಬಡಸು ಅಂದ್ರ ನಮ್ಮತ್ತಿ ಅದನ್ನ ನನಗ ಕಲಸಿಲ್ರಿ. ಸಾಕು ಅಂದವನ ಕೈ ಮ್ಯಾಲೂ ಒಂದ ರೊಟ್ಟಿ ಬೀಳಬೇಕು. ಅದು ಆಗಲಿಲ್ಲಂದ್ರ ಒಲಿ ಯಾಕ ಹಚ್ಚಬೇಕು?"

ಉಳಿದ ಎಣಗಾಯಿಯನ್ನೆಲ್ಲ ಅಣವೀರನ ತಾಟಿಗೆ ಬಗ್ಗಿಸಿ ಒಲೆಗೆ ನೀರು ಹೊಡೆದಳು. ಅತ್ತೆಯ ಒಲೆ ಆವತ್ತು ಮೊದಲ ಸಲ ಆರಿತು.

ಮರುದಿನವೂ ಹೊಗೆ ಕಾಣಲಿಲ್ಲ. ಓಣಿಯಲ್ಲಿ ಅಧಿಕೃತ ಕಾಯಿಲೆ ಹಬ್ಬಿತು. ರಘುವೀರ ಸಾಹೇಬರು ಎ.ಸಿ.ಯಲ್ಲಿ ಕೂತು ಬಿಸ್ಕೀಟು ತಿನ್ನುತ್ತ ಬಂಡೆಯ ಮೇಲಿನ ಕಲ್ಲುಹೂವನ್ನು ನೋಡುತ್ತಿದ್ದ ರೀತಿ ನನಗೆ ಸರಿ ಕಾಣಲಿಲ್ಲ. ಡಾಕ್ಟರು ಮಾತ್ರ ನಿಯಮಾವಳಿ ಹಿಡಿದು ಕೂತಿದ್ದರು. ಅವರೂ ಎರಡು ಹೊತ್ತಿನಿಂದ ಉಂಡಿರಲಿಲ್ಲ. ಓದು ಬಹಳ ಚುರುಕಾಗಿತ್ತು. ಸಂಜೆಗೆ ಮೊದಲೇ ಹುಡುಕಿದರು: 'ತುರ್ತು ಸಂದರ್ಭದಲ್ಲಿ ಔಷಧದ ಪ್ರಮಾಣಕ್ಕೆ ಮಿತಿ ಅನ್ವಯಿಸುವುದಿಲ್ಲ. ಸಂದರ್ಭವು ತುರ್ತೆಂದು ಹಾಜರಿರುವ ಸಿಬ್ಬಂದಿ ಘೋಷಿಸಬಹುದು.'

ನಾವು ಮೂವರೂ ಕೂಡಿಯೇ ಬಸ್ಸಮ್ಮನ ಮನೆಗೆ ಹೋದೆವು.

"ಸಿಬ್ಬಂದಿ ಅಂದ್ರ ಯಾರ್ರಿ?" ಎಂದಳು.

"ನೀನೇ, ಬಸ್ಸಮ್ಮ. ನೀ ಬಾಯಿಲೆ ಎಮರ್ಜೆನ್ಸಿ ಅಂದ್ರ ಸಾಕು, ಎಷ್ಟರ ಬಡಸು" ಎಂದರು ಸಾಹೇಬರು. ಅವರ ದನಿಯಲ್ಲಿ ಅಧಿಕಾರ ಇರಲಿಲ್ಲ, ಹಸಿವಿತ್ತು.

"ಒಂದ್ ತಾಟಿಗಿ ಎಷ್ಟ ಸಲ ಅನ್ನಬಹುದು?"

"ಮಿತಿ ಬರದಿಲ್ಲ" ಎಂದರು ಡಾಕ್ಟರು.

ಬಸ್ಸಮ್ಮ ನನ್ನ ಕೈಯಲ್ಲಿದ್ದ ಬಿಳಿ ಕೋಟಿನ ಕಡೆ ಕೈ ಚಾಚಿದಳು. ಆವತ್ತು ರಾತ್ರಿಯೂಟಕ್ಕೇ ಒಲೆ ಹೊತ್ತಿತು. ಅಂದಿನಿಂದ ಓಣಿಯಲ್ಲಿ ಆ ಘೋಷಣೆ ಕೇಳುತ್ತಲೇ ಇದೆ. "ಎಮರ್ಜೆನ್ಸಿ!" ಎಂದಾಗ ಒಂದು ರೊಟ್ಟಿ ಬೀಳುತ್ತದೆ, "ಎಮರ್ಜೆನ್ಸಿ!" ಎಂದಾಗ ಇನ್ನೊಂದು ಬದನೆಕಾಯಿ. ಅಂಗೈ ಅಡ್ಡ ಹಿಡಿದವರ ಹೆಸರಿನ ಮುಂದೆ 'ರೋಗಿಯು ಚಿಕಿತ್ಸೆಗೆ ಪ್ರತಿರೋಧ ಒಡ್ಡಿದರು' ಎಂದು ಡಾಕ್ಟರು ಬರೆದುಕೊಳ್ಳುತ್ತಾರೆ. ಊಟವಾದ ಮೇಲೆ ರೋಗಿಗಳು ಸ್ವಲ್ಪ ಹೊತ್ತು ಮಲಗಿ ನಿಗಾದಲ್ಲಿರಬೇಕೆಂಬ ನಿಯಮವೂ ಇರುವುದರಿಂದ ಹಿಂದಿನ ಪಡಸಾಲೆಯಲ್ಲಿ ಚಾಪೆ ಹಾಸಲಾಗಿದೆ. ಮಧ್ಯಾಹ್ನ ಹಲವು ಕಚೇರಿಗಳ ಸಿಬ್ಬಂದಿಯನ್ನು ಅಲ್ಲೇ ಕಾಣಬಹುದು. ಮೊದಲೂ ಮಲಗುತ್ತಿದ್ದರು, ಈಗ ಒಳರೋಗಿಗಳಾಗಿ ಮಲಗುತ್ತಾರೆ.

ಸೇಡಂನಲ್ಲಿ ಕಲ್ಲುಹೂವಿನಿಂದ ನೂರಕ್ಕೆ ನೂರು ಗುಣ ಎಂಬ ಸುದ್ದಿ ಪತ್ರಿಕೆಗೆ ಬಂತು. ಚಿಂಚೋಳಿಯ ಕಾಡಿನಲ್ಲಿದ್ದ ಪದ್ಮಜಾ ಮೇಡಂ ಅದನ್ನು ಯಾರೋ ಮಂಡಕ್ಕಿ ಕಟ್ಟಿಕೊಟ್ಟ ಕಾಗದದಲ್ಲಿ ಓದಿದರಂತೆ. ತಾವು ಹೀಗೆ ಹೇಳಿಯೇ ಇಲ್ಲ, ಯಾವ ಜಾತಿ, ಯಾವ ಸಾರ, ಯಾರ ಮೇಲೆ ಪರೀಕ್ಷೆ, ಯಾವುದೂ ಆಗಿಲ್ಲ ಎಂದು ಮೇಲಿನವರಿಗೆ ಖಾರವಾಗಿ ಬರೆದರು. ಮೇಲಿನವರು ಈ ಸಲ ಪೂರ್ತಿ ಓದಿದರು, ಏಕೆಂದರೆ ಪತ್ರ ಅರ್ಧ ಪುಟವಿತ್ತು. ಅಧ್ಯಯನ ಪೂರ್ಣಗೊಳ್ಳುವವರೆಗೆ ಶಿಲಾಪುಷ್ಪವನ್ನು ಔಷಧದ ಪಟ್ಟಿಯಿಂದ ತೆಗೆಯಲಾಗಿದೆ ಎಂದು ಆದೇಶ ಬಂತು.

ಬಸ್ಸಮ್ಮನಿಗೆ ಖುಷಿಯಾಯಿತು. "ಖಾರ ಕುಟ್ಟಲಿಕ್ಕ ಬಿಟ್ರಲ್ಲ, ಸಾಕು" ಎಂದಳು. ಓಣಿಯಲ್ಲಿ ಬೇರೆ ಯಾರಿಗೂ ಖುಷಿಯಾಗಲಿಲ್ಲ. ಘಟಕ ಮುಚ್ಚಿದರೆ ಸಾಹೇಬರ ಎ.ಸಿ. ಹೋಗುತ್ತದೆ, ಡಾಕ್ಟರ ಕುರ್ಚಿ ಹೋಗುತ್ತದೆ, ಊರಿನ ಚಾಪೆ ಹೋಗುತ್ತದೆ. ಸಾಹೇಬರು ಆದೇಶವನ್ನು ಬೆಳಕಿಗೆ ಹಿಡಿದು ಓದಿದರು. ತೆಗೆದದ್ದು ಔಷಧವನ್ನು, ಕಾಯಿಲೆಯನ್ನು ಯಾರೂ ತೆಗೆದಿರಲಿಲ್ಲ. ರೋಗ ಚಾಲ್ತಿಯಲ್ಲಿರುವಾಗ ಆಸ್ಪತ್ರೆ ಮುಚ್ಚುವುದು ಅಮಾನವೀಯ ಎಂದು ಅವರು ಬರೆದ ಉತ್ತರಕ್ಕೆ ಮೇಲಿನವರು ತಕ್ಷಣ ಒಪ್ಪಿದರು. ಅವರ ಮನೆಗಳಿಗೂ ಖಾರದ ಡಬ್ಬಿ ತಲುಪುತ್ತಿತ್ತು. ಈಗ ಔಷಧದ ಪಟ್ಟಿಯಲ್ಲಿರುವುದು ಎಣಗಾಯಿ. ಕಲ್ಲುಹೂ, ರುಚಿಗೆ ತಕ್ಕಷ್ಟು.

ಸಿಟ್ಟಿಗೆದ್ದ ಮೇಡಂ ಒಂದು ದಿನ ಚಿಂಚೋಳಿಯ ಬಸ್ಸಿನಿಂದ ಇಳಿದವರೇ ನೇರ ಮಹಡಿಗೆ ಬಂದರು. ಬಂಡೆಯ ಮುಂದೆ ಕೂತು ಭೂತಗನ್ನಡಿ ಹಿಡಿದರು. ಸ್ವಲ್ಪ ಹೊತ್ತು ಬಿಟ್ಟು, "ಬೆಳದದ" ಎಂದರು, ಸಿಟ್ಟಿನಲ್ಲೂ ಸಂತೋಷ ತಡೆಯದೆ. ಘಟಕದಲ್ಲಿ ನಡೆದ ಕೆಲಸವನ್ನು ಒಬ್ಬ ತಜ್ಞರು ದೃಢಪಡಿಸಿದ್ದು ಅದೇ ಮೊದಲು. ಆಮೇಲೆ ಅವರು ಕೆಳಗಿಳಿದು ಎದುರಿನ ಬಾಗಿಲಿಗೆ ಹೋದರು. ಡಾಕ್ಟರು ಕುರ್ಚಿಯಿಂದ ಎದ್ದರು.

"ಬರ್ರಿ ಮೇಡಂ, ಕುಂದ್ರಿ. ಏನ್ ತ್ರಾಸ?"

"ನನಗೇನೂ ತ್ರಾಸಿಲ್ಲ. ನಾ ನಿಮ್ಮ ಮ್ಯಾಲ ಕಂಪ್ಲೇಂಟ್ ಕೊಡಲಿಕ್ಕ ಬಂದೀನಿ."

"ಕೊಡ್ರಿ. ಮುಂಜಾನಿ ಏನ್ ತಿಂದೀರಿ?"

"ಏನೂ ಇಲ್ಲ, ಮೊದಲ ಬಸ್ಸಿಗೇ ಹೊಂಟೀನಿ. ಆದ್ರ ಅದಕ್ಕೂ ಇದಕ್ಕೂ..."

ಒಳಗೆ ಒಗ್ಗರಣೆ ಬಿತ್ತು. ಮೇಡಂ ಮಾತು ಅಲ್ಲೇ ನಿಂತಿತು. ಡಾಕ್ಟರು ಬರೆದು ಮುಗಿಸಿದ್ದರು.

ಬಸ್ಸಮ್ಮ ತಾನೇ ಬಡಿಸಿದಳು. ಮೇಡಂ ಒಂದು ತುತ್ತು ಮುರಿದು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಓಣಿಯೆಲ್ಲ ಉಸಿರು ಹಿಡಿದು ನೋಡುತ್ತಿತ್ತು.

"ಇದರಾಗ ಕಲ್ಲುಹೂ ಅದ" ಎಂದರು.

"ಅದರಿ ಮೇಡಂ" ಎಂದಳು ಬಸ್ಸಮ್ಮ. "ಇಷ್ಟ ಮಂದಿಗಿ ಗುಣಾ ಹೆಂಗ ಮಾಡ್ತದೋ, ಓದಿದವರು ನೀವೇ ಹೇಳ್ರಿ."

ಮೇಡಂ ಬಹಳ ಯೋಚಿಸಿದರು. ಅವರೂ ಡಾಕ್ಟರಂತೆಯೇ ಪ್ರಾಮಾಣಿಕರು. "ಇನ್ನೂ ಅಧ್ಯಯನ ಆಗಬೇಕು" ಎಂದು ಹೇಳಿ, ತಾಟನ್ನು ಬಸ್ಸಮ್ಮನ ಕಡೆ ಸರಿಸಿದರು.

"ಎಮರ್ಜೆನ್ಸಿ!" ಎಂದಳು ಬಸ್ಸಮ್ಮ.

ಮೇಡಂ ಈಗ ರಜೆಯಲ್ಲೂ ಊರು ಬಿಡುವುದಿಲ್ಲ. ದಿನಾ ಮಧ್ಯಾಹ್ನ ನನ್ನ ಪಕ್ಕದಲ್ಲೇ ಕೂತು ಅಧ್ಯಯನ ಮಾಡುತ್ತಾರೆ. ನಿನ್ನೆ ಸಾಕು ಸಾಕೆಂದು ತಾಟಿಗೆ ಅಂಗೈ ಅಡ್ಡ ಹಿಡಿದರು. ಬಸ್ಸಮ್ಮ ಅವರ ಕೈ ಮೇಲೆಯೇ ರೊಟ್ಟಿ ಹಾಕಿ ಮುಂದಿನ ರೋಗಿಯ ಕಡೆ ನಡೆದಳು.